ಸ್ಲಿಪ್ ಡಿಸ್ಕ್: ಐದು ದಾರಿ ನೋಡಿದ ಮೇಲೆ ನನಗೆ ಅನಿಸಿದ್ದು

ಸೊಂಟದ ಭಾಗದ ಬೆನ್ನುಮೂಳೆಯಲ್ಲಿ ಎಲ್4, ಎಲ್5 ಅನ್ನುವ ಎರಡು ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹೊರಗೆ ಚಾಚಿ ಎಡಗಾಲಿನ ನರ ಒತ್ತುತ್ತಿದೆ ಅಂತ ಎಂಆರ್‌ಐ ರಿಪೋರ್ಟ್ ಬಂದಾಗಿನಿಂದ ಆಪರೇಷನ್ ಆಗುವವರೆಗೆ ನನಗೆ ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ರೆಸ್ಟ್, ಮಾತ್ರೆ, ವ್ಯಾಯಾಮ, ಇಂಜೆಕ್ಷನ್ ಎಲ್ಲಾ ಆಗಿತ್ತು. ಈ ತೊಂದರೆಯಲ್ಲಿ ನೋವು ಎರಡು ಥರ ಇರುತ್ತದೆ. ಒಂದು ಸೊಂಟದ್ದು. ಇನ್ನೊಂದು ತೊಡೆ, ಮೀನಖಂಡ ಹಾದು ಹೆಬ್ಬೆರಳವರೆಗೆ ಕರೆಂಟ್ ಹೊಡೆದ ಹಾಗೆ ಇಳಿಯುತ್ತದಲ್ಲ, ಅದು, ಸಯಾಟಿಕಾ. ಯಾರಾದರೂ "ಇದರಿಂದ ನನಗೆ ವಾಸಿಯಾಯಿತು" ಅಂದರೆ ಯಾವ ನೋವು ಅಂತ ಮೊದಲು ಕೇಳಿ. ನಾನು ಕೇಳದೆ ತುಂಬಾ ದಿನ ಕಳೆದೆ.

ರೆಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ದಿನ ಮಲಗಿದೆ. ಮಲಗಿದ್ದಾಗ ಹಾಯ್ ಅನಿಸುತ್ತಿತ್ತು, ಎದ್ದರೆ ಮೊದಲಿಗಿಂತ ಬಿಗಿ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸಯಾಟಿಕಾ ಇದ್ದ 183 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. ಎರಡು ವಾರ ಹಾಸಿಗೆಯಲ್ಲಿದ್ದವರು ಓಡಾಡಿಕೊಂಡಿದ್ದವರಿಗಿಂತ ಬೇಗ ಸುಧಾರಿಸಲಿಲ್ಲ.

ಮಾತ್ರೆಗಳಲ್ಲಿ ಮಾಮೂಲಿ ನೋವಿನ ಮಾತ್ರೆ ಸೊಂಟಕ್ಕೆ ಸ್ವಲ್ಪ ಕೆಲಸ ಮಾಡಿತು, ಕಾಲಿಗೆ ಇಲ್ಲವೇ ಇಲ್ಲ. ನರದ ನೋವಿಗೆ ಅಂತ ಪ್ರಿಗ್ಯಾಬಲಿನ್ ಕೊಟ್ಟರು. ದಿನವಿಡೀ ಮಂಪರು, ತಲೆಸುತ್ತು, ಕಾಲು ನೋವು ಹಾಗೇ ಇತ್ತು. ಆಮೇಲೆ ಓದಿದರೆ, 2017ರಲ್ಲಿ ಆಸ್ಟ್ರೇಲಿಯಾದಲ್ಲಿ 209 ಜನರ ಮೇಲೆ ನಡೆದ ಪರೀಕ್ಷೆಯಲ್ಲೂ ಸಯಾಟಿಕಾಗೆ ಇದು ಹುಸಿ ಮಾತ್ರೆಗಿಂತ ಮೇಲು ಅಂತ ಕಂಡಿರಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ ಇತ್ತು. ನೀವು ತಗೊಳ್ಳುತ್ತಿದ್ದರೆ ಸುಮ್ನೆ ಒಂದೇ ದಿನ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಿ.

ಫಿಸಿಯೋಥೆರಪಿ ಅಂದರೆ ಎಲ್ಲಾ ಕಡೆ ಒಂದೇ ಅಂದುಕೊಂಡಿದ್ದೆ. ಮೊದಲು ಹೋದ ಕಡೆ ಬರೀ ಶಾಖ, ಸೊಂಟ ಎಳೆಯುವ ಟ್ರಾಕ್ಷನ್. ಎರಡು ವಾರ ಮಲಗಿಸಿ ಮಷಿನ್ ಹಚ್ಚಿದರು, ಒಂದು ವ್ಯಾಯಾಮವನ್ನೂ ಕಲಿಸಲಿಲ್ಲ. ಎರಡನೆಯವರು ಬೋರಲು ಮಲಗಿಸಿ, ಕೈ ಊರಿ ಎದೆಯಷ್ಟನ್ನೇ ನಿಧಾನವಾಗಿ ಎತ್ತಿಸಿದರು, ನೋವು ಎಲ್ಲಿಗೆ ಹೋಯಿತು ಅಂತ ಪ್ರತಿ ಸಲ ಕೇಳಿದರು. ಪಾದದ ನೋವು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಹೀಗೆ ಮೇಲಕ್ಕೆ ಸರಿಯುತ್ತಿದ್ದರೆ ಒಳ್ಳೆಯ ಲಕ್ಷಣವಂತೆ, ಸೊಂಟ ಸ್ವಲ್ಪ ಜಾಸ್ತಿ ನೋಯ್ದರೂ ಪರವಾಗಿಲ್ಲವಂತೆ. ಕೆಳಕ್ಕೆ ಇಳಿದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಿಸಬೇಕು. ಇದೊಂದು ಗೊತ್ತಾದ ಮೇಲೆ ನನ್ನ ಭಯ ಅರ್ಧ ಕಡಿಮೆಯಾಯಿತು. ಸೊಂಟಕ್ಕೆ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಬೇರೆ ಯಾವುದೂ ಇಲ್ಲ. ಆದರೆ ಕಾಲು ನೋವು ಜೋರಾಗಿದ್ದ ದಿನ ಬೋರಲು ಮಲಗುವುದೇ ಆಗುತ್ತಿರಲಿಲ್ಲ.

ಅದಕ್ಕೇ ಇಂಜೆಕ್ಷನ್. ಎಕ್ಸ್‌ರೇಯಲ್ಲಿ ನೋಡಿಕೊಂಡು ನರದ ಪಕ್ಕಕ್ಕೆ ಸ್ಟಿರಾಯ್ಡ್ ಬಿಡುತ್ತಾರೆ. ಡಿಸ್ಕ್ ಒಳಗೆ ಹೋಗುವುದಿಲ್ಲ, ನರದ ಊತ ಇಳಿಯುತ್ತದೆ ಅಷ್ಟೇ. ಮೂರನೇ ದಿನ ಕಾಲು ನೋವು ಅರ್ಧಕ್ಕೆ ಬಂತು, ತಿಂಗಳುಗಳ ನಂತರ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದೆ. ಏಳು ವಾರ ಹಾಗೇ ಇತ್ತು. ಏಳೇ ವಾರ ಅಂತ ಕೆಲವರಿಗೆ ಅನಿಸಬಹುದು, ಆದರೆ ಹೊರಬಂದ ಡಿಸ್ಕಿನ ತುಂಡನ್ನು ಎಷ್ಟೋ ಜನರಲ್ಲಿ ದೇಹವೇ ನಿಧಾನವಾಗಿ ಕರಗಿಸಿಬಿಡುತ್ತದೆ, ಅಲ್ಲಿಯವರೆಗೆ ನಡೆದಾಡಿಕೊಂಡು ವ್ಯಾಯಾಮ ಮಾಡಿಕೊಂಡು ಇರಲು ಆಗುವುದೇ ದೊಡ್ಡ ಲಾಭ.

ನನಗೆ ಕರಗಲಿಲ್ಲ. ನೋವು ವಾಪಸ್ ಬಂತು, ಜೊತೆಗೆ ಎಡ ಹೆಬ್ಬೆರಳು ಮೇಲೆತ್ತಲು ಆಗದೆ ನಡೆಯುವಾಗ ಚಪ್ಪಲಿ ಜಾರತೊಡಗಿತು. ಅಂದರೆ ನರದ ಶಕ್ತಿಯೇ ಕುಂದುತ್ತಿತ್ತು. ಬರೀ ನೋವಾಗಿದ್ದರೆ ಇನ್ನೂ ಕಾಯುತ್ತಿದ್ದೆ. 2007ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ ಬೇಗ ಆಪರೇಷನ್ ಆದವರ ಕಾಲು ನೋವು ಬೇಗ ಹೋಯಿತು, ಆದರೆ ವರ್ಷ ತುಂಬುವ ಹೊತ್ತಿಗೆ ಕಾದು ನೋಡಿದವರೂ ಹೆಚ್ಚುಕಮ್ಮಿ ಅಷ್ಟೇ ಸುಧಾರಿಸಿದ್ದರು. (ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಮರಗಟ್ಟಿದರೆ ಈ ಹೋಲಿಕೆ ಯಾವುದೂ ಬೇಡ, ಆ ಗಂಟೆಯೇ ಆಸ್ಪತ್ರೆಗೆ ಹೋಗಿ.)

ಕೊನೆಗೆ ನನಗೆ ಆದ ಆಪರೇಷನ್ ಹೆಸರು ಮೈಕ್ರೋಡಿಸ್ಕೆಕ್ಟಮಿ. ಇದರಲ್ಲಿ ಇಡೀ ಡಿಸ್ಕ್ ತೆಗೆಯುವುದಿಲ್ಲ, ನರ ಒತ್ತುವ ತುಂಡನ್ನು ಮಾತ್ರ. ಎಚ್ಚರವಾದಾಗ ಕಾಲು ನೋವು ಇರಲಿಲ್ಲ. ನಂಬಲಾಗದೆ ಕಾಲು ಮಡಚಿ ಮಡಚಿ ನೋಡಿದೆ, ಕಣ್ಣೀರು ಬಂತು. ಸೊಂಟ ನೋವು ಮಾತ್ರ ಇದ್ದ ಹಾಗೇ ಇತ್ತು. ಅದೇ ಡಿಸ್ಕ್ ಮತ್ತೆ ಹೊರಬರುವ ಸಾಧ್ಯತೆಯೂ ಇದೆ ಅಂತ ಮೊದಲೇ ಹೇಳಿದ್ದರು.

ಈಗ ಒಂದು ವರ್ಷ. ಹೆಬ್ಬೆರಳು ಎತ್ತಲು ಬರುತ್ತದೆ, ಅದರ ಬುಡದಲ್ಲಿ ಬಟನ್‌ನಷ್ಟು ಜಾಗ ಇನ್ನೂ ಮರಗಟ್ಟಿದೆ. ಸೊಂಟಕ್ಕೆ ಆ ಎರಡನೇ ಫಿಸಿಯೋ ಕಲಿಸಿದ್ದನ್ನೇ ಬೆಳಿಗ್ಗೆ ಹತ್ತು ನಿಮಿಷ ಮಾಡುತ್ತೇನೆ, ಮುಕ್ಕಾಲು ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂರುವುದಿಲ್ಲ.