ಹನುಮಂತನಗರದ ಮಹಡಿಮನೆ, ವರ್ತೂರಿನ ಹನ್ನೊಂದನೇ ಫ್ಲೋರು

ಬೆಂಗಳೂರಿನಲ್ಲಿ ಹಳೇ ಬಡಾವಣೆಯ ಮನೆ, ಹೊಸ ಅಪಾರ್ಟ್‌ಮೆಂಟು, ಎರಡೂ ಥರದ ಬಾಡಿಗೆ ಮನೆಯಲ್ಲಿ ಇದ್ದು ನೋಡಿದ್ದೇನೆ. ಮೊದಲು ಹನುಮಂತನಗರದ 30-40 ಅಡಿ ಸೈಟಿನ ಹಳೇ ಮನೆಯ ಮಹಡಿ, ನಾಲ್ಕು ವರ್ಷ. ಬಾಡಿಗೆ 15,000, ಅಡ್ವಾನ್ಸ್ ಹತ್ತು ತಿಂಗಳದ್ದು. ಓನರ್ ಅದನ್ನು ಕೆಡವಿ ನಾಲ್ಕು ಫ್ಲೋರ್ ಎಬ್ಬಿಸಲು ಹೊರಟರು, ನಾವು ಗಂಟುಮೂಟೆ ಕಟ್ಟಿದೆವು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಕೆಡವುವ ಮನೆಗೆ ಯಾವ ಪೇಂಟಿಂಗೋ!

2022ರ ಕೊನೆಗೆ ಮನೆ ಹುಡುಕುವುದೇ ಒಂದು ಪಾಡಾಗಿತ್ತು. ಕೊರೊನಾ ಕಳೆದು ಆಫೀಸುಗಳು ತೆರೆದು ಎಲ್ಲರೂ ಒಟ್ಟಿಗೆ ವಾಪಸ್ ಬಂದಿದ್ದರು. ಸಂಜೆ ನೋಡಿದ ಮನೆ ಬೆಳಿಗ್ಗೆ ಫೋನ್ ಮಾಡುವಷ್ಟರಲ್ಲಿ ಹೋಗಿರುತ್ತಿತ್ತು. ತಿಂಗಳ ಬಾಡಿಗೆ ಇಲ್ಲದೆ ಮೊದಲೇ ದೊಡ್ಡ ಮೊತ್ತ ಕೊಟ್ಟು, ಬಿಡುವಾಗ ವಾಪಸ್ ಪಡೆಯುವ ಲೀಸ್ ಮನೆಗಳನ್ನೂ ನೋಡಿದೆವು. ಮನೆ ಮೇಲೆ ಬ್ಯಾಂಕ್ ಸಾಲ ಇದ್ದರೆ ನಮ್ಮ ದುಡ್ಡಿನ ಗತಿ ಏನು ಅಂತ ಹೆದರಿ ಬಿಟ್ಟೆವು.

ಕೊನೆಗೆ ವರ್ತೂರು ಕಡೆ ಹೊಸ ಅಪಾರ್ಟ್‌ಮೆಂಟು. ಬಾಡಿಗೆ 34,000, ಮೇಂಟೆನೆನ್ಸ್ ಬೇರೆ. ಗಾಳಿ ಬೆಳಕು ಬೇಕಾದಷ್ಟು, ಲಿಫ್ಟು, ಮಕ್ಕಳಿಗೆ ಆಡಲು ಜಾಗ. ಇದರಲ್ಲಿ ಹಳೇ ಮನೆ ಸೋತಿತು, ಒಪ್ಪುತ್ತೇನೆ. ಆದರೆ 1,150 ಚದರಡಿ ಅಂತ ಹೇಳಿದ್ದರಲ್ಲಿ ಲಿಫ್ಟು, ಮೆಟ್ಟಿಲು, ಲಾಬಿಯೂ ಸೇರಿತ್ತು. ಟೇಪ್ ಹಿಡಿದು ಅಳೆದರೆ ಒಳಗೆ 800 ಕೂಡ ದಾಟಲಿಲ್ಲ. ಕೊತ್ತಂಬರಿ ಕಟ್ಟು ಬೇಕಿದ್ದರೂ ಆ್ಯಪ್ ತೆರೆಯಬೇಕು. ಹನುಮಂತನಗರದಲ್ಲಿ ತರಕಾರಿ ಗಾಡಿಯೇ ಬಾಗಿಲಿಗೆ ಬರುತ್ತಿತ್ತು. 2023ರಲ್ಲಿ ವೈಟ್‌ಫೀಲ್ಡಿಗೆ ಮೆಟ್ರೋ ಬಂತು, ಸರಿ. ನಮ್ಮ ಗೇಟಿನಿಂದ ಸ್ಟೇಷನ್ ತಲುಪುವುದೇ ಒಂದು ಪ್ರಯಾಣ.

ನಿಜವಾದ ಪರೀಕ್ಷೆ 2024ರ ಮಾರ್ಚ್‌ನಲ್ಲಿ ಆಯಿತು. ಬೋರ್‌ವೆಲ್ ಬತ್ತಿತು. ನಮ್ಮ ಕಟ್ಟಡಕ್ಕೆ ಕಾವೇರಿ ನೀರಿನ ಲೈನ್ ಇರಲಿಲ್ಲ, ಇಡೀ ಕಟ್ಟಡ ಟ್ಯಾಂಕರ್ ಮೇಲೆ. 12,000 ಲೀಟರಿನ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗಾದರೆ 1,000 ರೂಪಾಯಿ ಅಂತ ಜಿಲ್ಲಾಡಳಿತ ರೇಟ್ ಕಟ್ಟಿತು. ಆ ರೇಟಿಗೆ ನಮ್ಮ ಗೇಟಿಗೆ ಒಬ್ಬರೂ ಬರಲಿಲ್ಲ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರು. ಬಾತ್‌ರೂಮಿನಲ್ಲಿ ಷವರ್ ಇದ್ದೂ ಅದರ ಕೆಳಗೆ ಪ್ಲಾಸ್ಟಿಕ್ ಚೊಂಬು. ಹನುಮಂತನಗರದಲ್ಲಿ ದಿನ ಬಿಟ್ಟು ದಿನವಾದರೂ ನಸುಕಿನಲ್ಲಿ ನೆಲದಡಿಯ ನೀರಿನ ತೊಟ್ಟಿಗೆ, ಅಂದರೆ ಸಂಪ್‌ಗೆ, ಕಾವೇರಿ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಆಗ ಆ ಸದ್ದಿಗೆ ನಿದ್ದೆಗೆಟ್ಟು ಬೈದುಕೊಂಡಿದ್ದೂ ಉಂಟು.

ಆ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಕನೆಕ್ಷನ್‌ಗೆ ಕಟ್ಟಬೇಕಾದ ದುಡ್ಡು ಓನರ್‌ಗಳದ್ದೋ ಬಾಡಿಗೆದಾರರದ್ದೋ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಜಗಳ ನಡೆಯುತ್ತಿದ್ದಾಗಲೇ ನಾವು ಮನೆ ಖಾಲಿ ಮಾಡಿದೆವು.

ಈಗ ಮತ್ತೆ ಹಳೇ ಬಡಾವಣೆ, ವಿಜಯನಗರ. ಚಿಕ್ಕ ಮನೆ, ಬಾಡಿಗೆ 26,000. ನೋಡಲು ಹೋದ ದಿನ ನನ್ನ ಹೆಂಡತಿ ಹಾಲ್ ಕಡೆ ತಿರುಗಿಯೂ ನೋಡಲಿಲ್ಲ. "ಮೊದಲು ಸಂಪಿನ ಮುಚ್ಚಳ ತೆಗೆಸಿ ಆಂಟಿ" ಅಂದಳು.