768 ನಂಬರು, 8,300 ರೂಪಾಯಿ: ಕೋಡ್ ಬರೆಸುವ ಮುಂಚೆ ಓದಿ

ಬರೆಯೋಕೆ ನಾಚಿಕೆ ಆಗ್ತಿದೆ, ಆದರೂ ಬರೆಯುತ್ತೇನೆ. ಆನ್‌ಲೈನಿನಲ್ಲಿ ಸಿಕ್ಕ ಒಬ್ಬ ಫ್ರೀಲ್ಯಾನ್ಸರ್ ಹತ್ತಿರ ಸಣ್ಣದೊಂದು ಪೈಥಾನ್ ಕೋಡ್ ಬರೆಸಿದೆ. 4,500ಕ್ಕೆ ಮಾತು, 2,500 ಅಡ್ವಾನ್ಸ್. ಹಸುವಿಗೆ ಕೆಚ್ಚಲು ಬಾವು ಬಂದರೆ ಬೇಗ ಗೊತ್ತಾಗಲಿ ಅಂತ ನಮ್ಮ ಕೊಟ್ಟಿಗೆಯಲ್ಲಿ ಎಂಎಲ್‌ಎಕ್ಸ್90640 ಅನ್ನುವ, ದೂರದಿಂದಲೇ ಬಿಸಿ ಅಳೆಯುವ ಥರ್ಮಲ್ ಸೆನ್ಸರ್ ಇಟ್ಟಿದ್ದೇನೆ. ಅದು ಒಂದು ಸಲಕ್ಕೆ 768 ನಂಬರು ಕೊಡುತ್ತದೆ, 24 ಸಾಲು, ಸಾಲಿಗೆ 32, ಎಲ್ಲ ಡಿಗ್ರಿ ಸೆಲ್ಸಿಯಸ್ ಲೆಕ್ಕ. ಆ ಅರೇಯನ್ನು, ಅಂದರೆ ಸಾಲುಸಾಲಾಗಿ ಜೋಡಿಸಿದ ಆ ನಂಬರುಗಳನ್ನು, ಇಮೇಜ್ ಮಾಡಿ ಉಳಿಸಬೇಕು. ಇಷ್ಟೇ ಕೆಲಸ.

ಕೋಡ್ ಬಂತು. ಓಡಿಸಿದರೆ ಬರೀ ಕಪ್ಪು. ಕೇಳಿದ್ದಕ್ಕೆ "ಸರ್, ನಿಮ್ಮ ಸೆನ್ಸರ್ ಹೋಗಿದೆ, ಡೇಟಾ ಸರಿ ಇದ್ರೆ ಇಮೇಜ್ ಬಂದೇ ಬರುತ್ತೆ" ಅಂದ. ನಂಬಿದೆ. ನಂಬಿ, 5,800 ಕೊಟ್ಟು ಇನ್ನೊಂದು ಸೆನ್ಸರ್ ತರಿಸಿದೆ! ಅದರಲ್ಲೂ ಕಪ್ಪು. "ಇದೂ ಡೂಪ್ಲಿಕೇಟ್ ಇರ್ಬೇಕು ಸರ್" ಅಂತೆ.

ಜೋರು ಮಾಡಿದ ಮೇಲೆ ಅದೇ ರಾತ್ರಿ ಹೊಸ ಕೋಡ್ ಕಳಿಸಿದ. ಓಡಿಸಿದೆ, ಆಹಾ, ಕೆಂಪು ಹಳದಿ ಬಣ್ಣದಲ್ಲಿ ಚೆಂದದ ಹಸು. ಖುಷಿಯಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅಮ್ಮನಿಗೆ ತೋರಿಸಿದೆ. ಅಮ್ಮ ಒಂದೇ ಸಲ ನೋಡಿ, "ಇದು ಯಾರ ಮನೆ ದನ ಮಾರಾಯಾ? ನಮ್ಮ ಗೌರಿಗೆ ಕೊಂಬೆಲ್ಲಿದೆ?" ಅಂದರು.

ಗೌರಿ ಬೋಳು ದನ. ದಿನಾ ನೋಡುವ ನನಗೆ ಅದು ಹೊಳೆಯಲಿಲ್ಲ. 768 ಚುಕ್ಕಿಯಲ್ಲಿ ಕೊಂಬಿನ ತುದಿ ಅಷ್ಟು ಚೂಪಾಗಿ ಬರೋದೇ ಇಲ್ಲ ಅನ್ನುವುದೂ ಹೊಳೆಯಲಿಲ್ಲ. ಕೋಡ್ ತೆರೆದು ನೋಡಿದರೆ, ನನ್ನ ಅರೇ ಮೇಲಿನ ಸಾಲಿನಲ್ಲಿ ಸುಮ್ನೆ ಕೂತಿದೆ, ಯಾರೂ ಮುಟ್ಟಿಲ್ಲ. ಎಲ್ಲಿಂದಲೋ ತಂದ ಒಂದು ಜೆಪಿಜಿಯನ್ನು ಪಿಲ್ಲೋ ಅನ್ನುವ ಪೈಥಾನಿನ ಇಮೇಜ್ ಲೈಬ್ರರಿಯಲ್ಲಿ ತೆರೆದು ಪಿಎನ್‌ಜಿ ಮಾಡಿ ಉಳಿಸಿದ್ದಾನೆ. ಕೇಳಿದರೆ ಏನಂದ ಗೊತ್ತಾ? "ಅದು ಡೆಮೋ ಸರ್, ಔಟ್‌ಪುಟ್ ಬಂತಲ್ವಾ?"

ಆಮೇಲೆ ಒಂದು ಭಾನುವಾರ ಪೂರ್ತಿ ಕೂತು ಹಳೇ ಕೋಡ್ ನಾನೇ ನೋಡಿದೆ. ಸೆನ್ಸರ್ ಎರಡೂ ಸರಿಯಾಗಿಯೇ ಇವೆ. ನನ್ನ ನಂಬರುಗಳೆಲ್ಲ 24ರಿಂದ 37ರ ಒಳಗೆ. ಇಮೇಜಿನಲ್ಲಿ 0 ಅಂದರೆ ಕಪ್ಪು, 255 ಅಂದರೆ ಬಿಳಿ. ಇವನು ಡಿಗ್ರಿಯನ್ನು ಹಾಗೇ ಯುಇಂಟ್8 (0ರಿಂದ 255ರವರೆಗಿನ ಪೂರ್ಣಾಂಕ) ಮಾಡಿ, ಅರೇಯನ್ನು ಇಮೇಜ್ ಮಾಡುವ ಪಿಲ್ಲೋದ ಫ್ರಮ್‌ಅರೇಗೆ ಕೊಟ್ಟಿದ್ದ. 37 ಕೂಡ ಹೆಚ್ಚುಕಡಿಮೆ ಕಪ್ಪೇ ಅಲ್ವಾ! ಎಲ್ಲ ನಂಬರಿನಿಂದ ಕನಿಷ್ಠವನ್ನು ಕಳೆದು, ಗರಿಷ್ಠ ಕನಿಷ್ಠದ ಅಂತರದಿಂದ ಭಾಗಿಸಿ, 255ರಿಂದ ಗುಣಿಸಿ, ಆಮೇಲೆ ಯುಇಂಟ್8 ಮಾಡಬೇಕಿತ್ತು. ಒಂದು ಸಾಲು. ಒಂದೇ ಒಂದು ಸಾಲಿಗೆ ನಾನು ಸೆನ್ಸರ್ ಕೊಂಡೆ. ನಂಬರುಗಳನ್ನು ಸಾಲಾಗಿ ಜೋಡಿಸುವ ರೀಶೇಪ್ ಕೂಡ 24, 32 ಅನ್ನುವ ಬದಲು 32, 24 ಅಂತ ತಿರುಗಾಮುರುಗಾ ಹಾಕಿದ್ದ, ಕಪ್ಪಿನಲ್ಲಿ ಅದು ಕಾಣಲೇ ಇಲ್ಲ.

ಇಂಥವರ ಕೈಲಿ ಕೆಲಸ ಮಾಡಿಸಿದರೆ, ಎಡಕ್ಕೆಲ್ಲ 20, ಬಲಕ್ಕೆಲ್ಲ 40 ತುಂಬಿದ ಅರೇ ಕೊಟ್ಟು ನಿಮ್ಮ ಕಣ್ಣೆದುರೇ ಓಡಿಸಲು ಹೇಳಿ. ಅರ್ಧ ಕಪ್ಪು ಅರ್ಧ ಬಿಳಿ ಬರದಿದ್ದರೆ ಒಂದು ಪೈಸೆ ಕೊಡಬೇಡಿ. ಚೆಂದದ ಚಿತ್ರ ನೋಡಿ ಕುಣಿಯಬೇಡಿ, ನನ್ನ ಹಾಗೆ.

ಅಡ್ವಾನ್ಸ್ ವಾಪಸ್ ಕೇಳಿ ಎಂಟು ಮೆಸೇಜ್ ಹಾಕಿದೆ. ನಿನ್ನೆ ಉತ್ತರ ಬಂತು: "ಸರ್, ಬ್ಯಾಲೆನ್ಸ್ 2,000 ಯಾವಾಗ ಹಾಕ್ತೀರಿ?"