ಹೀಲಿಯೋಸ್ 44-2: ಹಳೇ ಮ್ಯಾನುಯಲ್ ಲೆನ್ಸಿನಲ್ಲಿ ವಿಡಿಯೋ, ಕೆಲವು ವರ್ಷ ಬಳಸಿದ ಮೇಲೆ

ಕ್ಯಾನನ್ 600ಡಿಗೆ ಸೋವಿಯತ್ ಕಾಲದ ಹೀಲಿಯೋಸ್ 44-2 (58 ಎಂಎಂ, ಎಫ್/2) ಹಾಕಿ ವಿಡಿಯೋ ಮಾಡುತ್ತಾ ಬಂದಿದ್ದೇನೆ. ಫೋಟೋಗೆ ಬಳಸುವುದು ಅಪರೂಪ, ಹಾಗಾಗಿ ಇಲ್ಲಿ ಹೇಳುವುದೆಲ್ಲ ವಿಡಿಯೋ ಮಟ್ಟಿಗೆ.

600ಡಿ 2011ರ ಕ್ಯಾಮೆರಾ. ರೆಕಾರ್ಡಿಂಗ್ ನಡೆಯುವಾಗ ತಾನಾಗಿಯೇ ಹಿಂಬಾಲಿಸುವ ಆಟೋಫೋಕಸ್ ಇದರಲ್ಲಿ ಇಲ್ಲ. ಬಟನ್ ಒತ್ತಿದರೆ ಚಿತ್ರ ಒಮ್ಮೆ ಮಸುಕಾಗಿ, ಹಿಂದೆ ಮುಂದೆ ತಡಕಾಡಿ ನಿಲ್ಲುತ್ತದೆ. ಹೇಗೂ ಕೈಯಲ್ಲೇ ಫೋಕಸ್ ಮಾಡಬೇಕು, ಅಂದಮೇಲೆ ಕೈಗೆಂದೇ ಮಾಡಿದ ರಿಂಗ್ ಇರಲಿ ಎನ್ನುವುದು ನನ್ನ ವಾದ. 18-55 ಕಿಟ್ ಲೆನ್ಸಿನ ತುದಿಯ ರಿಂಗ್ ಚೂರು ಅಲುಗಿದರೂ ಫೋಕಸ್ ಎಲ್ಲಿಗೋ ಹಾರುತ್ತದೆ. ಹೀಲಿಯೋಸ್ ರಿಂಗ್ ಅರ್ಧ ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಗ್ರೀಸಿನ ಹದವಾದ ಬಿಗಿ, ಎರಡೂ ತುದಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ದೂರದ ಅಂಕಿಗಳು ಮೇಲೇ ಇವೆ.

ಇದರ ಬೆಲೆ ಗೊತ್ತಾಗಿದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ. ವೇಷಧಾರಿ ಕನ್ನಡಿ ಹಿಡಿದು ಬಣ್ಣ ಬಳಿದುಕೊಳ್ಳುತ್ತಿರುತ್ತಾರೆ. ಮೊದಲು ಅವರ ಹೆಗಲಿನ ಮೇಲೆ ಫೋಕಸ್, ಆಮೇಲೆ ನಿಧಾನವಾಗಿ ಕನ್ನಡಿಯೊಳಗಿನ ಕಣ್ಣಿಗೆ. ಪ್ರತಿಬಿಂಬಕ್ಕೆ ಫೋಕಸ್ ಕೊಡುವಾಗ ಕನ್ನಡಿಯವರೆಗಿನ ದೂರ ಸಾಲದು, ಕನ್ನಡಿಯಿಂದ ಮುಖದವರೆಗಿನದ್ದೂ ಸೇರುತ್ತದೆ. ಲೆನ್ಸಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಪೆನ್ಸಿಲಿನಲ್ಲಿ ಎರಡು ಗೀಟು ಹಾಕಿಕೊಂಡರೆ ಮುಗಿಯಿತು, ಒಂದು ಗೀಟಿನಿಂದ ಇನ್ನೊಂದಕ್ಕೆ ತಿರುಗಿಸಿದರಾಯಿತು. ಎಷ್ಟು ಸಲ ಮಾಡಿದರೂ ಅದೇ ಜಾಗಕ್ಕೆ ಬರುತ್ತದೆ.

ಬೆಳಕಿನ ಕಿಂಡಿ (ಅಪರ್ಚರ್) ಪೂರ್ತಿ ತೆರೆದಿರುವ ಎಫ್/2ರ ಆಸೆಗೆ ಬೀಳಬೇಡಿ. ಒಂದೂವರೆ ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 5 ಸೆಂಟಿಮೀಟರ್ ಅಷ್ಟೇ, ಮಾತಾಡುವವರು ತುಸು ಮುಂದಕ್ಕೆ ಬಾಗಿದರೂ ಕೆಟ್ಟಿತು. ಕಿಂಡಿ ಕಿರಿದು ಮಾಡಿ ಎಫ್/4 ಇಟ್ಟರೆ ಅದು ಎರಡರಷ್ಟಾಗುತ್ತದೆ, ಸಂದರ್ಶನಕ್ಕೆ ನಾನು ಅದನ್ನೇ ಇಡುವುದು. ಈ ಲೆನ್ಸಿನ ಅಪರ್ಚರ್ ರಿಂಗ್ ಕಟಕಟ ಎನ್ನುವುದಿಲ್ಲ, ನುಣ್ಣಗೆ ಜಾರುತ್ತದೆ. ರೆಕಾರ್ಡಿಂಗ್ ಮಧ್ಯೆ ಬೆಳಕು ಹೊಂದಿಸಿದರೂ ಸದ್ದಿಲ್ಲ. ಸೆಕೆಂಡಿಗೆ 25 ಫ್ರೇಮಿಗೆ ಶಟರ್ 1/50, ನಮ್ಮ 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟಿಗೂ ಅದೇ ಸರಿ. ಹಗಲು ಹೊರಗಡೆ ಬೆಳಕು ತಗ್ಗಿಸುವ 49 ಎಂಎಂ ಎನ್‌ಡಿ ಫಿಲ್ಟರ್ ಬೇಕೇ ಬೇಕು.

ಕಿರಿಕಿರಿಗಳೂ ಇವೆ. 5 ಪಟ್ಟು, 10 ಪಟ್ಟು ಹಿಗ್ಗಿಸಿ ನೋಡುವ ಸೌಲಭ್ಯ ರೆಕಾರ್ಡಿಂಗಿಗೆ ಮುಂಚೆ ಮಾತ್ರ. ಮ್ಯಾಜಿಕ್ ಲ್ಯಾಂಟರ್ನ್ ಎಂಬ ಹೊರಗಿನವರ ಉಚಿತ ತಂತ್ರಾಂಶ ಹಾಕಿಕೊಂಡರೆ, ಫೋಕಸ್ ಆದ ಅಂಚುಗಳನ್ನು ಸ್ಕ್ರೀನಿನಲ್ಲಿ ಗುರುತಿಸಿ ತೋರಿಸುವ ಫೋಕಸ್ ಪೀಕಿಂಗ್ ಸಿಗುತ್ತದೆ, ಅದಿಲ್ಲದೆ ಪುಟ್ಟ ಸ್ಕ್ರೀನ್ ನಂಬಿ ಕೂರಲಾಗದು. 600ಡಿಯ ಚಿಕ್ಕ ಸೆನ್ಸರಿಗೆ 58 ಎಂಎಂ, ಫುಲ್ ಫ್ರೇಮಿನ ಹೆಚ್ಚುಕಡಿಮೆ 93 ಎಂಎಂ ಲೆನ್ಸಿನಂತೆ ಹತ್ತಿರಕ್ಕೆ ಎಳೆದು ತೋರಿಸುತ್ತದೆ, ಇಕ್ಕಟ್ಟಾದ ಚೌಕಿಯಲ್ಲಿ ಹಿಂದಕ್ಕೆ ಸರಿಯಲು ಜಾಗವಿರಲ್ಲ. ಸ್ಟೆಬಿಲೈಸೇಶನ್ ಇಲ್ಲದ್ದರಿಂದ ಟ್ರೈಪಾಡ್ ಇಲ್ಲವೇ ಮೊನೊಪಾಡ್ ಜೊತೆಗಿರಬೇಕು. ಎದುರಿಗೆ ಹ್ಯಾಲೊಜೆನ್ ದೀಪ ಬಂದರೆ ಇಡೀ ಚಿತ್ರ ಹಾಲು ಚೆಲ್ಲಿದ ಹಾಗೆ ಬಿಳಚಿಕೊಳ್ಳುತ್ತದೆ. ಕೆಲವರಿಗೆ ಅದೇ ಚಂದವಂತೆ! ರಂಗಸ್ಥಳದ ಕುಣಿತಕ್ಕೂ ಮದುವೆಯ ಧಾರೆಗೂ ನಾನಿದನ್ನು ಹಾಕುವುದಿಲ್ಲ. ಅಂಥಲ್ಲಿ ಕ್ಯಾನನ್ 70ಡಿ ಅಥವಾ ಆಮೇಲಿನ, ವಿಡಿಯೋದಲ್ಲೂ ತಾನಾಗಿ ಫೋಕಸ್ ಹಿಂಬಾಲಿಸುವ ಡ್ಯುಯಲ್ ಪಿಕ್ಸೆಲ್ ಕ್ಯಾಮೆರಾ ಬಾಡಿಗೆಗೆ ತರುವುದೇ ವಾಸಿ.

ಕ್ಯಾನನ್‌ಗೆ ಕೂರಿಸಲು ಎಂ42 (ಈ ಲೆನ್ಸಿನ ತಿರುಪಿನ ಅಳತೆ) ಅಡಾಪ್ಟರ್ ಸಾಕು, ಗಾಜಿಲ್ಲದ್ದನ್ನೇ ತಗೊಳ್ಳಿ. ಬಹುದೂರದ (ಇನ್ಫಿನಿಟಿ) ಫೋಕಸ್ ಸರಿಯಾಗಿಯೇ ಬರುತ್ತದೆ. ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ಫಂಗಸ್ ಇದೆಯಾ ನೋಡಿ, ರಿಂಗ್ ಲಡಲಡ ಎನ್ನುತ್ತದಾ ತಿರುಗಿಸಿ ನೋಡಿ. ಕರಾವಳಿ, ಮಲೆನಾಡಿನವರಾದರೆ ಮಳೆಗಾಲಕ್ಕೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.